ಜೇಡದ ಜೀನೋಮ್ ಓದಿದ ಕಥೆ

ಶನಿವಾರದ ಬೆಳಗಿನ ಶಾಲೆ ಮುಗಿದ ಮೇಲೆ ಉದ್ದನೆಯ ಕೋಲಿಗೆ ಪೊರಕೆ ಕಟ್ಟಿ ತರಗತಿಯ ಮೂಲೆಗಳ ಜೇಡರ ಬಲೆ ತೆಗೆಯುವುದು ನಮ್ಮ ಸರದಿಯ ಕೆಲಸವಾಗಿತ್ತು. ಅಂದು ಕಸವೆಂದು ಗುಡಿಸಿದ ಬಲೆಯ ಒಡೆಯನೊಳಗೆ ನಲವತ್ತು ಕೋಟಿ ವರ್ಷಗಳಿಗೂ ಹಳೆಯ ಚರಿತ್ರೆ ಇದೆಯೆಂದು ತಿಳಿದದ್ದು ಬಹಳ ತಡವಾಗಿ.

ಪ್ಯಾರಾಸ್ಟಿಯಾಟೋಡ ಟೆಪಿಡೇರಿಯೋರಮ್ ಹಲವು ದೇಶಗಳ ಮನೆಗಳಲ್ಲಿ ಕಾಣುವ ಜೇಡ. 1841ರಲ್ಲಿ ಜರ್ಮನಿಯ ಸಿ. ಎಲ್. ಕಾಖ್ ಇದನ್ನು ಮೊದಲು ವರ್ಣಿಸಿದರು. ಪ್ರಯೋಗಾಲಯದಲ್ಲಿ ಸಾಕುವುದು ಸುಲಭವಾದ್ದರಿಂದ, ಮೊಟ್ಟೆಯೊಳಗೆ ಮರಿ ರೂಪುಗೊಳ್ಳುವ ಬಗೆಯನ್ನು ಅರಿಯಲು ವಿಜ್ಞಾನಿಗಳು ಇದನ್ನೇ ಆರಿಸಿಕೊಂಡರು. ಐದು ಸಾವಿರ ಕೀಟ ಮತ್ತು ಸಂಧಿಪದಿಗಳ ಜೀನೋಮ್ ಓದುವ ಯೋಜನೆಯ ಅಂಗವಾಗಿ, ಅಮೆರಿಕದ ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನಲ್ಲಿ ಇದರ ಡಿಎನ್‌ಎ ಓದುವ ಕೆಲಸ ನಡೆಯಿತು.

ಡಿಎನ್‌ಎ ಎಂದರೆ ನಾಲ್ಕೇ ಅಕ್ಷರಗಳ ಬರಹ. ಈ ಜೇಡದಲ್ಲಿ ಅದು ಸುಮಾರು 140 ಕೋಟಿ ಅಕ್ಷರಗಳಷ್ಟು ಉದ್ದ. ಮನುಷ್ಯನದರ ಅರ್ಧಕ್ಕೆ ಹತ್ತಿರ. ಯಂತ್ರಗಳು ಅದನ್ನು ಒಂದೇ ಓಟದಲ್ಲಿ ಓದಲಿಲ್ಲ, ಚಿಕ್ಕ ಚಿಕ್ಕ ತುಣುಕುಗಳಾಗಿ ಓದಿದವು. ಶಾಲೆಯ ಹಾಡಿನ ಪುಸ್ತಕದ ನೂರು ಪ್ರತಿಗಳನ್ನು ಚೂರುಚೂರು ಹರಿದು, ಒಂದರ ಕೊನೆಗೆ ಹೊಂದುವ ಇನ್ನೊಂದರ ಮೊದಲನ್ನು ಹುಡುಕಿ ಮತ್ತೆ ಪುಸ್ತಕ ಮಾಡಿದಂತೆ ಕಂಪ್ಯೂಟರ್ ಅವನ್ನು ಜೋಡಿಸುತ್ತದೆ. ಕಷ್ಟ ಬರುವುದು ಪಲ್ಲವಿಯಲ್ಲಿ. ಮತ್ತೆ ಮತ್ತೆ ಬರುವ ಸಾಲಿನ ಚೂರು ಯಾವ ಜಾಗದ್ದು? ಎರಡು ಜಾಗದ್ದನ್ನು ಒಂದೆಂದು ಬಗೆದರೆ ಪುಸ್ತಕವೇ ತಪ್ಪಾಗುತ್ತದೆ.

ಜೋಡಿಸಿದ ಜೀನೋಮಿನಲ್ಲಿ ಸುಮಾರು 28 ಸಾವಿರ ವಂಶವಾಹಿಗಳು ಕಂಡವು. ಅನೇಕವು ಜೋಡಿಯಾಗಿದ್ದವು. ದೇಹದಲ್ಲಿ ತಲೆ ಎಲ್ಲಿ, ಕಾಲು ಎಲ್ಲಿ ಎಂದು ನಿರ್ಧರಿಸುವ ಹಾಕ್ಸ್ ವಂಶವಾಹಿಗಳ ಗುಂಪು ಕೀಟಗಳಲ್ಲಿ ಸಾಮಾನ್ಯವಾಗಿ ಒಂದು, ಇಲ್ಲಿ ಎರಡು. ಚೇಳಿನಲ್ಲೂ ಹಾಗೆಯೇ, ಉಣ್ಣೆಯಲ್ಲಿ ಇಲ್ಲ. ಹಾಗಾದರೆ ಜೇಡ-ಚೇಳುಗಳ ಸಮಾನ ಪೂರ್ವಜನಲ್ಲಿ ಇಡೀ ಜೀನೋಮ್ ಒಮ್ಮೆ ಇಮ್ಮಡಿಯಾಗಿರಬೇಕು. 2017ರಲ್ಲಿ ಈ ತೀರ್ಮಾನ ಪ್ರಕಟವಾಯಿತು. ಮನುಷ್ಯನಲ್ಲಿ ಹಾಕ್ಸ್ ಗುಂಪುಗಳು ನಾಲ್ಕಿವೆ. ನಮ್ಮ ಪೂರ್ವಜರಲ್ಲೂ ಇಂಥ ಇಮ್ಮಡಿ ನಡೆದಿತ್ತು.

ವೃತ್ತಿಯಿಂದ ನಾನು ಸಾಫ್ಟ್‌ವೇರ್ ಇಂಜಿನಿಯರ್. ಒಂದೇ ಕೋಡ್ ಎರಡು ಕಡೆ ಕಂಡರೆ ಒಂದನ್ನು ಅಳಿಸುವುದು ನಮ್ಮ ರೂಢಿ. ಪ್ರಕೃತಿಯ ರೀತಿ ಬೇರೆ. ಒಂದು ಪ್ರತಿ ಹಳೆಯ ಕೆಲಸ ನೋಡಿಕೊಂಡರೆ ಇನ್ನೊಂದಕ್ಕೆ ಹೊಸದನ್ನು ಕಲಿಯುವ ಬಿಡುವು ಸಿಗುತ್ತದೆ. 1970ರಲ್ಲೇ ಸುಸುಮು ಓನೊ ಈ ವಿಚಾರವನ್ನು ಗ್ರಂಥವಾಗಿ ಮಂಡಿಸಿದ್ದರು. ಈ ಜೇಡದಲ್ಲೂ ಹಲವು ಜೋಡಿಗಳು ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಭಾಗಗಳಲ್ಲಿ ಕೆಲಸ ಮಾಡುತ್ತವೆ. ಜೋಡಿಸುವವರು ಎರಡನೆಯದನ್ನು ತಪ್ಪೆಂದು ಕೈಬಿಟ್ಟಿದ್ದರೆ ಈ ಚರಿತ್ರೆ ಯಾರಿಗೂ ತಿಳಿಯುತ್ತಿರಲಿಲ್ಲ.

ನಮ್ಮ ಶಾಲೆಯ ಮಕ್ಕಳೇ, ಬಲೆ ತೆಗೆಯಲೇಬೇಕು, ತರಗತಿ ಚೊಕ್ಕಟವಾಗಿರಲಿ. ಆದರೆ ಪೊರಕೆ ಎತ್ತುವ ಮುನ್ನ ಒಂದು ಗಳಿಗೆ ನಿಂತು ಜೇಡವನ್ನು ನೋಡಿ.