ಸಾರ್ವಜನಿಕ ಕಟ್ಟಡ ಪ್ರವೇಶ: ಅಂಗವಿಕಲರ ಹಕ್ಕು

ಅಂಗವಿಕಲರ ಹಕ್ಕುಗಳ ಕುರಿತ 1995ರ ಕೇಂದ್ರ ಕಾಯ್ದೆಯಲ್ಲಿ, ಸರಕಾರದ ಆರ್ಥಿಕ ಶಕ್ತಿಗೆ ಅನುಗುಣವಾಗಿ ಕಟ್ಟಡಗಳಿಗೆ ರ‍್ಯಾಂಪ್ ಒದಗಿಸಿದರೆ ಸಾಕೆಂದಿತ್ತು. 2016ರ ಕಾಯ್ದೆಯಲ್ಲಿ ಕಟ್ಟಡಗಳ ಮಟ್ಟಿಗೆ ಈ ರಿಯಾಯಿತಿ ಇಲ್ಲ. ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡಗಳೂ ಇದರ ವ್ಯಾಪ್ತಿಗೆ ಬರುತ್ತವೆ. ನಿಯಮ ಪಾಲಿಸದ ಹೊಸ ಕಟ್ಟಡಕ್ಕೆ ಅನುಮತಿ ನೀಡುವಂತಿಲ್ಲ. ಹಳೆಯದನ್ನು ಸರಿಪಡಿಸಲು 2017ರ ಜೂನ್‌ನಿಂದ ಐದು ವರ್ಷಗಳ ಗಡುವು ನೀಡಲಾಗಿತ್ತು.

ರ‍್ಯಾಂಪ್ ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದವಿರಬೇಕು. ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿ ಏರಿಸುವುದು ಕಷ್ಟ. 2017ರ ನಿಯಮದಡಿ ಇಂಥ ಮಾನದಂಡಗಳು ಬರೀ ಸಲಹೆಗಳಾಗಿ ಉಳಿದಿವೆ ಎಂದ ಸುಪ್ರೀಂ ಕೋರ್ಟ್, 2024ರ ನವೆಂಬರ್ 8ರಂದು ಆ ನಿಯಮವನ್ನು ಅಸಿಂಧುಗೊಳಿಸಿ, ಮೂರು ತಿಂಗಳೊಳಗೆ ಕಡ್ಡಾಯ ನಿಯಮ ರೂಪಿಸಲು ಆದೇಶಿಸಿತು.

ಪ್ರವೇಶ ಸೌಲಭ್ಯವಿಲ್ಲದಿದ್ದರೆ ಕಾಸರಗೋಡಿನವರು ಕೇರಳದ, ತಾಳವಾಡಿಯವರು ತಮಿಳುನಾಡಿನ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು. ಮೊದಲ ಉಲ್ಲಂಘನೆಗೆ 10,000 ರೂ.ವರೆಗೆ ದಂಡವಿದೆ.