ತುಕ್ಕಿನ ಜೊತೆ ಹೋಗಿದ್ದು

ಅಜ್ಜನ ಕತ್ತಿಯನ್ನು ಹಾಳು ಮಾಡಿದವನು ನಾನೇ. ಊರಿಂದ ಬೆಂಗಳೂರಿಗೆ ತಂದಾಗ ಅದರ ಮೈತುಂಬಾ ಕೆಂಪು ತುಕ್ಕು. ಒಂದು ಟಬ್ಬಿಗೆ ಬಿಳಿ ವಿನೆಗರ್ ಸುರಿದು ಮುಳುಗಿಸಿಟ್ಟೆ. ಒಂದು ರಾತ್ರಿ ಸಾಕಿತ್ತು. ಆದರೆ ಆ ವಾರ ಆಫೀಸಿನಲ್ಲಿ ರಿಲೀಸ್ ಇತ್ತು, ಮತ್ತೆ ಬಾಲ್ಕನಿಗೆ ಹೋಗಿದ್ದು ಐದನೇ ದಿನ. ತುಕ್ಕೇನೋ ಹೋಗಿತ್ತು. ಜೊತೆಗೆ ಹಿಡಿಯ ಹತ್ತಿರ ಊರಿನ ಆಚಾರ್ರು ಹೊಡೆದಿದ್ದ, ಮೊದಲೇ ಸವೆದಿದ್ದ ಮೂರು ಚುಕ್ಕಿಯ ಗುರುತೂ ಹೋಗಿತ್ತು. ಅಲಗು ಗೆದ್ದಲು ತಿಂದ ಹಲಗೆ ಥರ ಆಗಿತ್ತು. ಈಗ ಆ ಆಚಾರ್ರೂ ಇಲ್ಲ, ಅವರ ಕುಲುಮೆಯೂ ಇಲ್ಲ.

ಆಮೇಲೆ ಕೂತು ಓದಿದಾಗ ಗೊತ್ತಾಗಿದ್ದು, ನಾನು ಮಾಡಿದ್ದು ಕಾರ್ಖಾನೆಯವರ ಕೆಲಸ ಅಂತ. ಯುರೋಪಿನಲ್ಲಿ ಕಬ್ಬಿಣದ ತಗಡಿಗೆ ತವರ ಹಚ್ಚುವವರಿಗೆ ತುಕ್ಕೇ ದೊಡ್ಡ ತಲೆನೋವು. ತುಕ್ಕಿದ್ದ ಕಡೆ ತವರ ಹಿಡಿಯುವುದಿಲ್ಲ. ಅದಕ್ಕೆ ಜರ್ಮನಿಯ ಸ್ಯಾಕ್ಸನಿ ಕಡೆಯವರು ಧಾನ್ಯವನ್ನು ನೀರಿನಲ್ಲಿ ಹುಳಿ ಬರಿಸಿ, ತಗಡುಗಳನ್ನು ಅದರಲ್ಲಿ ನೆನೆಹಾಕುತ್ತಿದ್ದರು. (ಕೊಟ್ಟಿಗೆಯ ಕಲಗಚ್ಚು ನೋಡಿದವರಿಗೆ ಆ ವಾಸನೆ ಹೇಗಿದ್ದೀತು ಅಂತ ಹೇಳಬೇಕಿಲ್ಲ.) ಈ ಕಸುಬಿನ ಗುಟ್ಟು ತಿಳಿದುಕೊಂಡು ಬರೋಕೆ 1667ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ಯಾರಂಟನ್ ಸ್ಯಾಕ್ಸನಿಗೇ ಹೋಗಿದ್ದ. 1746ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ರೋಬಕ್ ಸೀಸದ ಕೋಣೆಗಳಲ್ಲಿ ಗಂಧಕಾಮ್ಲ ತಯಾರಿಸಲು ಶುರು ಮಾಡಿದ. ಆಮ್ಲ ಅಗ್ಗವಾಯಿತು, ಕಾಲಕ್ರಮೇಣ ಹುಳಿನೀರಿನ ಜಾಗಕ್ಕೆ ಅದೇ ಬಂತು.

ತಗಡಿನವರಿಗೆ ಒಂದಿಷ್ಟು ಕಬ್ಬಿಣ ಕರಗಿದರೆ ನಷ್ಟವಿಲ್ಲ, ಹೇಗೂ ಮೇಲೆ ತವರ ಕೂರುತ್ತೆ. ಆಮ್ಲಕ್ಕೆ ಎಲ್ಲಿ ನಿಲ್ಲಿಸಬೇಕು ಅನ್ನೋದು ಗೊತ್ತಿಲ್ಲ. ತುಕ್ಕು ಮುಗಿದ ಮೇಲೆ ಕಬ್ಬಿಣಕ್ಕೇ ಕೈ ಹಾಕುತ್ತೆ. ವಿನೆಗರ್, ನಿಂಬೆಹಣ್ಣು, ಹುಣಸೆಹಣ್ಣು ಎಲ್ಲ ಒಂದೇ ಕುಲದವು. ಟಾಯ್ಲೆಟ್ ತೊಳೆಯುವ ಆಸಿಡ್ಡಂತೂ ಬೇಡವೇ ಬೇಡ: ಹೊಗೆ ಕೆಟ್ಟದ್ದು, ತೆಗೆದ ಸ್ವಲ್ಪ ಹೊತ್ತಿಗೇ ಹೊಸ ತುಕ್ಕು ಬರುತ್ತೆ. ಮರಳು ಕಾಗದ ಹಾಕಿ ಉಜ್ಜಿದರೂ ತುಕ್ಕಿನ ಜೊತೆ ಒಳ್ಳೇ ಕಬ್ಬಿಣ ಹೋಗೋದು ತಪ್ಪಲ್ಲ. ನಮ್ಮಜ್ಜಿ ಹುಣಸೆಹಣ್ಣು, ಉಪ್ಪು ಹಾಕಿ ಹತ್ತು ನಿಮಿಷ ತಿಕ್ಕಿ, ತೊಳೆದು, ಒಲೆ ಹತ್ತಿರ ಒಣಗಿಸಿ ಕೊಬ್ಬರಿ ಎಣ್ಣೆ ಸವರುತ್ತಿದ್ದರು. ನೆನೆಹಾಕಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಮೇಲುಮೇಲಿನ ತುಕ್ಕಿಗೆ ಇವತ್ತಿಗೂ ಅದಕ್ಕಿಂತ ಒಳ್ಳೇ ಉಪಾಯ ನನಗೆ ಸಿಕ್ಕಿಲ್ಲ.

ಆಳಕ್ಕಿಳಿದ ತುಕ್ಕಿಗೆ ಬೇರೆಯೇ ದಾರಿ ಬೇಕು. ಅದರ ಬೇರು ಮೈಕೆಲ್ ಫ್ಯಾರಡೆಯಲ್ಲಿದೆ. ದ್ರಾವಣದಲ್ಲಿ ಕರೆಂಟ್ ಹರಿದಾಗ ಏನಾಗುತ್ತೆ ಅಂತ ಅಳೆದು, 1834ರಲ್ಲಿ ಆ್ಯನೋಡು, ಕ್ಯಾಥೋಡು ಅನ್ನೋ ಹೆಸರುಗಳನ್ನು ಚಲಾವಣೆಗೆ ತಂದವನು ಆತ. ಬಿಇ ಮೊದಲ ವರ್ಷ ಕೆಮಿಸ್ಟ್ರಿಯಲ್ಲಿ ಬಾಯಿಪಾಠ ಮಾಡಿ ಮರೆತಿದ್ದೆ. ತುಕ್ಕು ಹಿಡಿದ ವಸ್ತುವನ್ನು ಮೈನಸ್ ತುದಿಗೆ ಕಟ್ಟಿದರೆ ಕರೆಂಟು ತುಕ್ಕನ್ನು ಸಡಿಲಿಸಿ ಕಪ್ಪು ಪುಡಿ ಮಾಡುತ್ತೆ. ಒಳಗಿನ ಕಬ್ಬಿಣಕ್ಕೆ ಏನೂ ಆಗಲ್ಲ. ಮುಗಿಸಲು ತುಕ್ಕಿಲ್ಲದಿದ್ದರೆ ಅದು ಸುಮ್ಮನೆ ಗುಳ್ಳೆ ಬಿಡುತ್ತಾ ಕೂರುತ್ತೆ.

ಇದರ ಬೆಲೆ ಗೊತ್ತಾಗೋದು ಅಮೆರಿಕದ ಮಾನಿಟರ್ ಹಡಗಿನ ವಿಷಯದಲ್ಲಿ. 1862ರ ಮಾರ್ಚಿನಲ್ಲಿ, ಅಂತರ್ಯುದ್ಧದ ಹೊತ್ತಲ್ಲಿ, ಈ ಕಬ್ಬಿಣದ ಹಡಗು ವರ್ಜೀನಿಯಾ ಅನ್ನೋ ಇನ್ನೊಂದು ಕಬ್ಬಿಣದ ಹಡಗಿನ ಜೊತೆ ಕಾದಾಡಿತ್ತು. ಅದೇ ವರ್ಷದ ಕೊನೆಯ ದಿನ ಬಿರುಗಾಳಿಗೆ ಸಿಕ್ಕಿ ಮುಳುಗಿತು. 2002ರಲ್ಲಿ ಅದರ ಫಿರಂಗಿ ಗೋಪುರವನ್ನು ಮೇಲೆತ್ತಿ, ನ್ಯೂಪೋರ್ಟ್ ನ್ಯೂಸ್‌ನ ಮ್ಯಾರಿನರ್ಸ್ ಮ್ಯೂಸಿಯಮ್ಮಿನ ತೊಟ್ಟಿಯಲ್ಲಿ ಇಟ್ಟರು. 140 ವರ್ಷ ಸಮುದ್ರದಲ್ಲಿದ್ದ ಕಬ್ಬಿಣ. ಒಳಗೆ ಹೀರಿದ ಉಪ್ಪು ಬಿಡಬೇಕು, ಮೇಲೆ ಗಟ್ಟಿಯಾದ ಪದರ ಸಡಿಲವಾಗಬೇಕು. ಅದಕ್ಕೆ ಕ್ಷಾರದ ದ್ರಾವಣ, ಸಣ್ಣಗೆ ಕರೆಂಟು, ವರ್ಷಗಟ್ಟಲೆ ಕಾಯುವಿಕೆ. ಆ ಗೋಪುರದ ಮೈಮೇಲೆ ಯುದ್ಧದ ದಿನ ಗುಂಡು ಬಿದ್ದ ತಗ್ಗುಗಳು ಹಾಗೇ ಇವೆ. ಅಂಥದ್ದನ್ನು ಯಾರಾದರೂ ನನ್ನ ಥರ ಹುಳಿಗೆ ಹಾಕಿ ರಿಲೀಸ್ ಮಾಡೋಕೆ ಹೋಗುತ್ತಾರಾ?

ನನ್ನ ಹತ್ತಿರ ಉಳಿದಿದ್ದು ಅಜ್ಜಿಯ ಮೆಟ್ಟುಗತ್ತಿ, ನಿಮ್ಮ ಕಡೆ ಈಳಿಗೆಮಣೆ ಅಂತೀರಲ್ಲ, ಅದು. ಮಣೆಯಿಂದ ಅಲಗು ಬಿಚ್ಚಿದೆ. ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ನಾಲ್ಕು ದೊಡ್ಡ ಚಮಚ ವಾಷಿಂಗ್ ಸೋಡಾ. ಮನೆ ಕಟ್ಟುವ ಸರಳಿನ ಎರಡು ತುಂಡು ಪ್ಲಸ್ಸಿಗೆ, ಅಲಗು ಮೈನಸ್ಸಿಗೆ, ಹಳೇ ರೌಟರಿನ 12 ವೋಲ್ಟ್ ಅಡಾಪ್ಟರ್. ಒಂದಕ್ಕೊಂದು ತಾಗಬಾರದು. ತಂತಿ ಅದಲು ಬದಲಾದರೆ ಕರಗೋದು ಮೆಟ್ಟುಗತ್ತಿ, ಅದಕ್ಕೆ ನಾಲ್ಕು ಸಲ ನೋಡಿದೆ. ಸರಳಿನ ಬದಲು ಸ್ಟೀಲ್ ಚಮಚ, ಲೋಟ ಹಾಕಬೇಡಿ, ಅದರ ಕ್ರೋಮಿಯಂ ನೀರಿಗೆ ಬಿಟ್ಟರೆ ವಿಷ. ಬರೋ ಗುಳ್ಳೆ ಹೈಡ್ರೋಜನ್, ಹಾಗಾಗಿ ಬಾಲ್ಕನಿಯಲ್ಲೇ ಮಾಡಿ, ಕೈ ಹಾಕುವ ಮುಂಚೆ ಸ್ವಿಚ್ ಆರಿಸಿ.

ಈ ಸಲ ರಜೆ ಹಾಕಿಯೇ ಕೂತೆ. ಸಂಜೆ ಹೊತ್ತಿಗೆ ಕಪ್ಪು ಮಸಿ ಹಿಡಿದಿತ್ತು, ನಾರಿನಿಂದ ಉಜ್ಜಿದರೆ ಬಿಟ್ಟಿತು. ಬುಡದಲ್ಲಿ ಮೂರು ಚುಕ್ಕಿ. ಅದೇ ಆಚಾರ್ರದ್ದು! ಒರೆಸಿ, ಕೂಡಲೇ ಎಣ್ಣೆ ಹಚ್ಚಿ, ಅಮ್ಮನಿಗೆ ಫೋಟೋ ಕಳಿಸಿದೆ. ಎರಡೇ ನಿಮಿಷಕ್ಕೆ ಫೋನ್ ಬಂತು.

"ಚೆನ್ನಾಗಿ ಮಾಡಿದೀಯ ಕಣೋ. ಅಜ್ಜನ ಕತ್ತಿದೂ ಒಂದು ಫೋಟೋ ಕಳಿಸು."