ಅಂಡಾಣುಗಳ ಗುಣಮಟ್ಟ ಸೂಚಿಸುವ ಪರೀಕ್ಷೆಗಳು: ಬಂಜೆತನ ಚಿಕಿತ್ಸೆ ಪಡೆಯುವ ದಂಪತಿಗಳಿಗೆ ಮಾಹಿತಿ

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗದಿಂದ ಬಂಜೆತನ ಚಿಕಿತ್ಸೆಗಾಗಿ ವಿಜಯಪುರ, ಸೋಲಾಪುರ ಮುಂತಾದ ನಗರಗಳಿಗೆ ತೆರಳುವ ದಂಪತಿಗಳಿಗೆ ಆರಂಭದಲ್ಲಿಯೇ ಕೆಲವು ಪರೀಕ್ಷೆಗಳನ್ನು ಸೂಚಿಸಲಾಗುತ್ತದೆ. ಸದರಿ ವರದಿಗಳನ್ನು ಸರಿಯಾಗಿ ಅರಿತುಕೊಳ್ಳಲು ಈ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

1. ಸಂಖ್ಯೆ ಮತ್ತು ಗುಣಮಟ್ಟ
ಹೆಣ್ಣುಮಗು ಜನಿಸುವಾಗ ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ವಯಸ್ಸಾದಂತೆ ಇವುಗಳ ಸಂಖ್ಯೆ ಕುಗ್ಗುತ್ತದೆ. ಗುಣಮಟ್ಟವೆಂದರೆ ಅಂಡಾಣುವು ಫಲಿತಗೊಂಡು ಆರೋಗ್ಯವಂತ ಭ್ರೂಣವಾಗುವ ಸಾಮರ್ಥ್ಯ. ಇವೆರಡೂ ಬೇರೆ ಬೇರೆ ವಿಷಯಗಳಾಗಿವೆ.

2. ಸಂಖ್ಯೆಯನ್ನು ಅಂದಾಜಿಸುವ ಪರೀಕ್ಷೆಗಳು
ಅ) ಎ.ಎಂ.ಎಚ್.: ಅಂಡಾಶಯದ ಸಣ್ಣ ಕೋಶಿಕೆಗಳು ಸ್ರವಿಸುವ ಹಾರ್ಮೋನಿನ ರಕ್ತ ಪರೀಕ್ಷೆ. ಋತುಚಕ್ರದ ಯಾವುದೇ ದಿನ ಮಾಡಿಸಬಹುದು.
ಆ) ಕೋಶಿಕೆಗಳ ಎಣಿಕೆ: ಋತುಚಕ್ರದ ಆರಂಭದಲ್ಲಿ ಸ್ಕ್ಯಾನಿಂಗ್ ಮೂಲಕ 2ರಿಂದ 10 ಮಿ.ಮೀ. ಗಾತ್ರದ ಕೋಶಿಕೆಗಳನ್ನು ಎಣಿಸಲಾಗುತ್ತದೆ.
ಇ) ಎಫ್.ಎಸ್.ಎಚ್. ಮತ್ತು ಎಸ್ಟ್ರಡಿಯೋಲ್: ಮುಟ್ಟಿನ 2 ಅಥವಾ 3ನೇ ದಿನದ ರಕ್ತ ಪರೀಕ್ಷೆ.

ಈ ಪರೀಕ್ಷೆಗಳಿಂದ ಚುಚ್ಚುಮದ್ದಿಗೆ ಎಷ್ಟು ಅಂಡಾಣುಗಳು ದೊರೆಯಬಹುದೆಂದು ಅಂದಾಜಿಸಿ, ಔಷಧದ ಪ್ರಮಾಣವನ್ನು ನಿಗದಿಪಡಿಸಲಾಗುತ್ತದೆ. ಇವು ಗುಣಮಟ್ಟವನ್ನು ಅಳೆಯುವುದಿಲ್ಲ.

3. ಗುಣಮಟ್ಟದ ಸೂಚಕಗಳು
ಗುಣಮಟ್ಟವನ್ನು ನೇರವಾಗಿ ತಿಳಿಸುವ ರಕ್ತ ಪರೀಕ್ಷೆ ಇರುವುದಿಲ್ಲ. ಮಹಿಳೆಯ ವಯಸ್ಸೇ ಪ್ರಮುಖ ಸೂಚಕವಾಗಿದೆ. ವಯಸ್ಸು ಹೆಚ್ಚಿದಂತೆ ವರ್ಣತಂತುಗಳ ಹಂಚಿಕೆಯಲ್ಲಿ ದೋಷಗಳು ಹೆಚ್ಚುತ್ತವೆ; 40 ವರ್ಷ ಮೀರಿದ ನಂತರ ಅರ್ಧಕ್ಕಿಂತ ಹೆಚ್ಚು ಭ್ರೂಣಗಳಲ್ಲಿ ಇಂತಹ ದೋಷ ಕಂಡುಬರುತ್ತದೆ. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಹೊರತೆಗೆದ ಅಂಡಾಣುವಿನ ಪಕ್ವತೆ, ಫಲಿತವಾಗುವಿಕೆ ಹಾಗೂ 5ನೇ ದಿನದವರೆಗಿನ ಭ್ರೂಣದ ಬೆಳವಣಿಗೆಯಿಂದ ಗುಣಮಟ್ಟವನ್ನು ಅಂದಾಜಿಸಲಾಗುತ್ತದೆ.

4. ದಂಪತಿಗಳು ಗಮನಿಸಬೇಕಾದ ಅಂಶಗಳು
* ಎ.ಎಂ.ಎಚ್. ಕಡಿಮೆ ಇದ್ದ ಮಾತ್ರಕ್ಕೆ ಸಹಜ ಗರ್ಭಧಾರಣೆ ಅಸಾಧ್ಯವೆಂದು ಭಾವಿಸತಕ್ಕದ್ದಲ್ಲ. ಈ ಒಂದು ಅಂಕಿಯಿಂದ ಮಹಿಳೆಯನ್ನು ಬಂಜೆಯೆಂದು ನಿರ್ಧರಿಸಲಾಗದು.
* ಎ.ಎಂ.ಎಚ್. ಅಧಿಕವಿದ್ದರೆ ಗುಣಮಟ್ಟ ಉತ್ತಮವೆಂದು ಅರ್ಥವಲ್ಲ, ಪಿ.ಸಿ.ಓ.ಎಸ್. ಇರುವವರಲ್ಲಿಯೂ ಇದು ಅಧಿಕವಿರುತ್ತದೆ.
* ಪತಿಯ ವೀರ್ಯ ಪರೀಕ್ಷೆಯನ್ನೂ ಆರಂಭದಲ್ಲಿಯೇ ಮಾಡಿಸತಕ್ಕದ್ದು.
* ಒಂದು ವರ್ಷ ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದಲ್ಲಿ ಸ್ತ್ರೀರೋಗ ತಜ್ಞರನ್ನು ಕಾಣುವುದು; 35 ವರ್ಷ ಮೀರಿದ್ದಲ್ಲಿ ಆರು ತಿಂಗಳಿಗೇ ಕಾಣುವುದು.

5. ಕಾಯ್ದೆಯ ರಕ್ಷಣೆ
ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಕಾಯ್ದೆ, 2021ರ ಮೇರೆಗೆ ಚಿಕಿತ್ಸಾ ಕೇಂದ್ರಗಳು ನೋಂದಣಿ ಹೊಂದಿರುವುದು ಕಡ್ಡಾಯ. ಕಾಯ್ದೆಯು ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯಗಳ ಕೇಂದ್ರಗಳಿಗೆ ಅನ್ವಯಿಸುತ್ತದೆ. ಯಶಸ್ಸಿನ ಸಾಧ್ಯತೆ, ವೆಚ್ಚ ಹಾಗೂ ಅಪಾಯಗಳ ಕುರಿತು ಕೇಂದ್ರವು ಆಪ್ತಸಮಾಲೋಚನೆ ನೀಡಿ, ಲಿಖಿತ ಒಪ್ಪಿಗೆ ಪಡೆಯತಕ್ಕದ್ದು. ಮುಂಗಡ ಹಣ ಪಾವತಿಸುವ ಮುನ್ನ ನೋಂದಣಿ ಪ್ರಮಾಣಪತ್ರವನ್ನು ಪರಿಶೀಲಿಸಿಕೊಳ್ಳುವುದು ಹಾಗೂ ಎಲ್ಲ ವರದಿಗಳ ಪ್ರತಿಗಳನ್ನು ಪಡೆದುಕೊಳ್ಳುವುದು.